ಸನ್ನತಿಗೆ ಮೊದಲು ಬೇಕಾದವರು ಹೇಳುವವರು

ಜೇವರ್ಗಿ, ಅಫಜಲಪುರ, ಆಳಂದ ಕಡೆಯಿಂದ ಸನ್ನತಿಗೆ ಹೋಗುವವರಿಗೆ ಯಾವತ್ತೂ ಕೊರತೆಯಿಲ್ಲ. ಅಲ್ಲಿನ ಚಂದ್ರಲಾಂಬೆ ಈ ಭಾಗದ ಎಷ್ಟೋ ಮನೆತನಗಳ ಕುಲದೇವತೆ. ಟಂಟಂ, ಕ್ರೂಸರ್ ಮಾಡಿಕೊಂಡು ಮಕ್ಕಳುಮರಿ ಸಮೇತ ಬರುತ್ತಾರೆ. ಭೀಮೆಯಲ್ಲಿ ಕೈಕಾಲು ತೊಳೆದು, ಉಡಿ ತುಂಬಿ, ನೈವೇದ್ಯ ಮಾಡಿಸಿ, ಕಟ್ಟಿಕೊಂಡು ಬಂದ ರೊಟ್ಟಿ ಬುತ್ತಿ ಬಿಚ್ಚಿ ಉಂಡು ಊರಿಗೆ ತಿರುಗುತ್ತಾರೆ. ಗುಡಿಯಿಂದ ಎರಡು-ಮೂರು ಕಿಲೋಮೀಟರಿನಲ್ಲಿ ಕನಗನಹಳ್ಳಿ. ಅಶೋಕ ಚಕ್ರವರ್ತಿಯ ರೂಪ ಕಡೆದು, ಅದರ ಮೇಲೆ ಅವನ ಹೆಸರನ್ನೂ ಕೊರೆದ ಕಲ್ಲು ಸಿಕ್ಕದ್ದು ಅಲ್ಲಿ. ಗಾಡಿ ಅತ್ತ ತಿರುಗುವುದು ಮಾತ್ರ ಅಪರೂಪ. ಯಾಕೆಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಅಲ್ಲೇನದ್ರಿ ನೋಡ್ಲಾಕ, ಬರೇ ಕಲ್ಲವ."

ಇದನ್ನು ಹಳ್ಳಿಯವರ ತಿಳಿಗೇಡಿತನವೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಓದಿದವರ ಬಾಯಲ್ಲಿ, ಅಧಿಕಾರಿಗಳ ಸಭೆಯಲ್ಲಿ, ಜನಪ್ರತಿನಿಧಿಗಳ ಭಾಷಣದಲ್ಲಿ ಇದೇ ಮಾತು ಬೇರೆ ಬಟ್ಟೆ ತೊಟ್ಟು ಬರುತ್ತದೆ. ಸನ್ನತಿಗೆ ಸೌಲಭ್ಯ ಸಾಲದು, ಮೊದಲು ರಸ್ತೆಯಾಗಲಿ, ವಸತಿಗೃಹವಾಗಲಿ, ಉದ್ಯಾನ, ದೀಪ, ದೊಡ್ಡ ಕಟ್ಟಡ ಆಗಲಿ, ಆಮೇಲೆ ಜನ ತಾವಾಗಿಯೇ ಬರುತ್ತಾರೆ. ಜನ ಬಂದ ಮೇಲೆ ಗೈಡುಗಳ ವಿಚಾರ ನೋಡೋಣ. ಅಂದರೆ ಇವರ ಲೆಕ್ಕದಲ್ಲೂ ಅಲ್ಲಿರುವುದು ಬರೇ ಕಲ್ಲು. ಸುತ್ತ ಒಂದಿಷ್ಟು ಶೃಂಗಾರ ಮಾಡಿದರೆ ನೋಡುವಂತಾದೀತು ಎಂಬ ನಂಬಿಕೆ. ಈ ಕ್ರಮವೇ ತಲೆಕೆಳಗು. ಪಾಳುಬಿದ್ದ ಜಾಗಕ್ಕೆ ಮೊದಲು ಬೇಕಾದದ್ದು ಅದನ್ನು ಬಲ್ಲ, ಬಂದವರ ಜೊತೆ ನಡೆದು ಹೇಳಬಲ್ಲ, ಅದಕ್ಕಾಗಿ ಸಂಬಳ ಪಡೆಯುವ ಮನುಷ್ಯ. ಉಳಿದದ್ದೆಲ್ಲ ಆಮೇಲೆ.

ಸನ್ನತಿಯ ಗುಡಿಯ ಕಥೆಯನ್ನೇ ತೆಗೆದುಕೊಳ್ಳಬಹುದು. 1986ರಲ್ಲಿ ಚಂದ್ರಲಾಂಬೆಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು, ಮೂರ್ತಿ ಒಡೆಯಿತು. ಅವಶೇಷ ಎತ್ತುವಾಗ ಮೂರ್ತಿಯ ಕೆಳಗಿದ್ದ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಎರಡೂ ಮಗ್ಗುಲಲ್ಲಿ ಬರಹ. ಅದು ಅಶೋಕನ ಶಾಸನ, ಭಾಷೆ ಪ್ರಾಕೃತ. ದೇವಿಯನ್ನು ನಿಲ್ಲಿಸಲು ಯಾವುದೋ ಕಾಲದಲ್ಲಿ ಯಾರೋ ಕಲ್ಲಿನ ನಡುವೆ ಕಿಂಡಿ ಕೊರೆದಿದ್ದರು; ಅಷ್ಟು ಜಾಗದ ಅಕ್ಷರಗಳು ಆಗಲೇ ಹೋಗಿದ್ದವು. ಉಳಿದದ್ದರಲ್ಲಿ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳ ಭಾಗಗಳಿವೆ, ಜೊತೆಗೆ 'ಪ್ರತ್ಯೇಕ ಶಾಸನ'ಗಳೆಂದು ಕರೆಯುವ ಎರಡು ಪಾಠಗಳಿವೆ. ಈ ಪ್ರತ್ಯೇಕ ಶಾಸನಗಳು ಅದಕ್ಕೆ ಮೊದಲು ಗೊತ್ತಿದ್ದದ್ದು ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ.

ಇದನ್ನು ಹೇಳುವವರಿದ್ದರೆ ಏನಾಗುತ್ತದೆ ನೋಡಿ. ಉಡಿ ತುಂಬಲು ಬಂದ ಅಫಜಲಪುರದ ತಾಯಿಗೆ, ತನ್ನ ಅಜ್ಜಿ-ಮುತ್ತಜ್ಜಿಯರು ಕೈಮುಗಿದ ದೇವಿಯ ಪಾದದಡಿಯಲ್ಲೇ ಎರಡು ಸಾವಿರ ವರ್ಷಕ್ಕೂ ಹಿಂದಿನ ಅರಸನೊಬ್ಬನ ಮಾತು ಇತ್ತೆಂದು ತಿಳಿಯುತ್ತದೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯಬಾರದು ಎಂದು ಹನ್ನೆರಡನೆಯ ಶಾಸನ ಹೇಳುತ್ತದೆ. ಜನರೆಲ್ಲ ತನಗೆ ಮಕ್ಕಳಿದ್ದಂತೆ ಎಂಬ ಮಾತು ಪ್ರತ್ಯೇಕ ಶಾಸನದಲ್ಲಿದೆ. ಯುದ್ಧದಲ್ಲಿ ಗೆದ್ದ ಕಳಿಂಗದ ನಾಡಿಗೆಂದು ಬರೆಸಿದ ಮಾತು ಭೀಮೆಯ ದಂಡೆಗೆ ಯಾಕೆ ಬಂತು ಎಂಬ ಪ್ರಶ್ನೆಯನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಒಳ್ಳೆಯ ಗೈಡ್ ಆ ಪ್ರಶ್ನೆಯನ್ನೂ ಬಂದವರ ಮುಂದಿಡುತ್ತಾನೆ. ಭಕ್ತಿಗೂ ಚರಿತ್ರೆಗೂ ಇಲ್ಲಿ ಜಗಳವಿಲ್ಲ, ಒಂದೇ ಕಲ್ಲು ಎರಡನ್ನೂ ಹೊತ್ತಿತ್ತು. ದರ್ಶನಕ್ಕೆ ಬಂದವರಿಗೆ ಇದು ಬೇಡವಾದ ವಿಷಯವೆಂದು ತೀರ್ಮಾನಿಸಿದವರು ಅವರನ್ನು ಒಮ್ಮೆಯೂ ಕೇಳಿಲ್ಲ.

ಕನಗನಹಳ್ಳಿಯಲ್ಲಂತೂ ಹೇಳುವವರಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದು. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಇಲ್ಲಿ ದೊಡ್ಡದೊಂದು ಬೌದ್ಧ ಸ್ತೂಪ ಹೊರಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಕುಸಿದು ಬಿದ್ದ ಸ್ತೂಪ ಅದು. ಸಾಂಚಿಯ ಹಾಗೆ ದೂರದಿಂದಲೇ ಕಣ್ಣು ತುಂಬುವುದಿಲ್ಲ. ಸ್ತೂಪದ ಮೈಗೆ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳು ನೆಲದ ಮೇಲೆ ಚೂರುಚೂರಾಗಿ ಸಿಕ್ಕವು. ಕಲ್ಲು ಈ ಭೀಮಾ ಕಣಿವೆಯ ಸುಣ್ಣಕಲ್ಲೇ. ಜೇವರ್ಗಿಯ ಮನೆಮನೆಯಲ್ಲಿ ನೆಲಕ್ಕೆ ಹಾಸಿದ, ಬಾವಿಕಟ್ಟೆಗೆ ಜೋಡಿಸಿದ ಶಹಾಬಾದ ಫರ್ಸಿಯ ಕುಲದ್ದು. ದಿನವೂ ತುಳಿಯುವ ಕಲ್ಲಿನ ಬಳಗದಲ್ಲೇ ಛದ್ದಂತ ಜಾತಕದ ಆನೆಯ ಕಥೆಯನ್ನು ಕಡೆದರೆಂದು ಊರಿನ ಹುಡುಗನೊಬ್ಬ ಹೇಳಿದರೆ ಕೇಳುವವರ ಕಣ್ಣು ತಾನಾಗಿಯೇ ಚಪ್ಪಡಿಯ ಮೇಲೆ ಊರುತ್ತದೆ.

ಆ ಪ್ರಸಿದ್ಧ ಚಪ್ಪಡಿಯಲ್ಲಿ ಅರಸ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ, ಹಿಂದೆ ಕೊಡೆ ಹಿಡಿದವಳು, ಚಾಮರ ಬೀಸುವವಳು. ಸುಮ್ಮನೆ ನೋಡಿದರೆ ಯಾವ ರಾಜನಾದರೂ ಆಗಬಹುದು. ಕಣ್ಣು ಅಂಚಿನ ಬರಹಕ್ಕೆ ಹೋಗಬೇಕು. ಐದು ಅಕ್ಷರ: ರಾ, ಯೋ, ಅ, ಸೋ, ಕೋ. ಬ್ರಾಹ್ಮಿಯ 'ಕ' ಅಂದರೆ ಗಣಿತದ ಕೂಡಿಸುವ ಗುರುತಿನ ಕಾಲು ಉದ್ದವಾದಂತೆ. 'ರ' ಅಂದರೆ ನೆಟ್ಟಗೆ ಇಳಿಯುವ ಒಂದು ಗೆರೆ. ನಾಲ್ಕನೆಯ ಇಯತ್ತೆಯ ಮಗುವಿಗೆ ತೋರಿಸಿಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಬೆರಳಿಟ್ಟು ಓದುತ್ತದೆ. ತಾನು ಬರೆಯುವ ಕನ್ನಡದ 'ಕ'ಕಾರಕ್ಕೂ ಆ ಗುರುತಿಗೂ ವಂಶದ ನಂಟಿದೆಯೆಂದು ಅದಕ್ಕೆ ತಿಳಿಯುತ್ತದೆ. ಇದೇ ಹೊತ್ತಿನಲ್ಲಿ ಗೈಡ್ ಇನ್ನೊಂದು ಎಚ್ಚರವನ್ನೂ ಹೇಳಬೇಕು. ಈ ಕೆತ್ತನೆ ಅಶೋಕ ಸತ್ತು ಒಂದೆರಡು ಶತಮಾನಕ್ಕೂ ಹೆಚ್ಚು ಕಾಲವಾದ ಮೇಲಿನದು, ಶಾತವಾಹನರ ಕಾಲದ್ದು. ಶಿಲ್ಪಿ ಅಶೋಕನನ್ನು ಕಂಡವನಲ್ಲ. ಅವನ ಮೋರೆ ಹೀಗೇ ಇತ್ತೆನ್ನಲು ಇದು ಪುರಾವೆಯಾಗದು. ಆದರೆ ಅಷ್ಟು ಕಾಲದ ನಂತರವೂ ಭೀಮೆಯ ದಂಡೆಯ ಜನ ಅವನನ್ನು ಹೆಸರು ಹಿಡಿದು ನೆನೆಯುತ್ತಿದ್ದರು ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇರಿಲ್ಲ.

ಪಕ್ಕದ ಚಪ್ಪಡಿಗಳಲ್ಲಿ ಶಾತವಾಹನ ಅರಸರೂ ಹೆಸರಿನೊಡನೆ ನಿಂತಿದ್ದಾರೆ. ಪುಳುಮಾವಿ ಉಜ್ಜಯಿನಿಯನ್ನು ಅಜಯತನಿಗೆ ಕೊಡುವ ದೃಶ್ಯವೊಂದಿದೆ, ಕೆಳಗೆ ಹಾಗೆಂದು ಬರಹವೂ ಇದೆ. ಪುರಾಣಗಳ ವಂಶಾವಳಿಯಲ್ಲಿ, ನಾಣ್ಯಗಳಲ್ಲಿ ಹೆಸರಾಗಿ ಮಾತ್ರ ಉಳಿದಿದ್ದ ಅರಸರು ಇಲ್ಲಿ ಮೈತಳೆದು ಎದುರಾಗುತ್ತಾರೆ. ಚಪ್ಪಡಿಗಳಿಗೆ ಹಣ ಕೊಟ್ಟ ಗೃಹಪತಿಗಳು, ಭಿಕ್ಕು-ಭಿಕ್ಕುಣಿಯರ ಹೆಸರುಗಳೂ ಇವೆ. ಇಷ್ಟೆಲ್ಲ ಬಾಯಿ ತೆರೆದು ನಿಂತಿರುವ ಜಾಗವನ್ನು ಮೂಕ ಎನ್ನುವುದು ಅನ್ಯಾಯ.

"ಅದಕ್ಕೇ ಬೋರ್ಡು ಹಾಕಿದರಾಯಿತಲ್ಲ" ಎನ್ನುವವರಿದ್ದಾರೆ. ಬೋರ್ಡು ಬೇಕು, ಬೇಡವೆಂದವರಿಲ್ಲ. ಆದರೆ ಬೋರ್ಡು ಒಂದೇ ಮಾತನ್ನು ಎಲ್ಲರಿಗೂ ಒಂದೇ ರೀತಿ ಹೇಳುತ್ತದೆ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ, ಓದು ಬಾರದವರಿಗೆ ಅದೂ ಇಲ್ಲ. ಚಂದ್ರಲಾಂಬೆಗೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಭಕ್ತರು ಬರುತ್ತಾರೆ. ಕನ್ನಡ, ಉರ್ದು, ಮರಾಠಿ, ತೆಲುಗುಗಳ ನಡುವೆ ಮಾತಿನ ಮಧ್ಯೆಯೇ ದಾಟಬಲ್ಲ ಹುಡುಗ ಹುಡುಗಿಯರು ಈ ಸೀಮೆಯ ಪ್ರತಿ ಊರಿನಲ್ಲೂ ಇದ್ದಾರೆ. ಅಂಥ ನಾಲಿಗೆಯನ್ನು ಬಿಟ್ಟು ತಗಡಿನ ಫಲಕವನ್ನು ನಂಬುವುದು ಯಾವ ಜಾಣತನ? ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎನ್ನುವ ವಾದವೂ ನಿಲ್ಲದು. ಏನು ಹುಡುಕಬೇಕೆಂದು ಗೊತ್ತಿದ್ದವನಿಗೆ ಮೊಬೈಲ್ ಉಪಯೋಗ. ಚೂರಾದ ಚಪ್ಪಡಿಯ ಮುಂದೆ ನಿಂತು "ಈ ಮೂಲೆ ನೋಡು, ಇಲ್ಲಿ ಆನೆಯ ದಂತ ಮುರಿದಿದೆ" ಎಂದು ಬೆರಳು ಮಾಡಿ ತೋರಿಸುವುದು ಮನುಷ್ಯನಿಂದ ಮಾತ್ರ ಸಾಧ್ಯ.

ರೋಮ್ ನೋಡಿ ಬಂದ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಕಲಬುರಗಿಯಿಂದಲೂ ಹೋಗಿ ಬರುತ್ತಾರೆ. ಅಲ್ಲಿ ಪ್ಯಾಕೇಜಿನ ಜೊತೆಗೇ ಗೈಡ್, ಕಿವಿಗೆ ಹೆಡ್‌ಸೆಟ್. ರೋಮನ್ ಫೋರಮ್ಮಿನಲ್ಲಿ ಅವರು ನಿಜವಾಗಿ ಕಾಣುವುದೇನು? ಕ್ಯಾಸ್ಟರ್ ಮತ್ತು ಪೊಲಕ್ಸರ ಗುಡಿಯದೆಂದು ನಿಂತಿರುವುದು ಮೂರೇ ಕಂಬ. ಇನ್ನೊಂದೆಡೆ ಸಣ್ಣ ಮಾಡಿನ ಕೆಳಗೆ ಮಣ್ಣು-ಕಲ್ಲಿನ ಒಂದು ದಿಬ್ಬ. ಅದು ಜೂಲಿಯಸ್ ಸೀಸರನನ್ನು ಸುಟ್ಟ ಜಾಗದಲ್ಲಿ ಕಟ್ಟಿದ ಗುಡಿಯ ಉಳಿಕೆ. ಜನ ಇಂದಿಗೂ ಅಲ್ಲಿ ಹೂವಿಟ್ಟು ಹೋಗುತ್ತಾರೆ. ಯಾರೂ ಹೇಳದಿದ್ದರೆ ಆ ದಿಬ್ಬವನ್ನು ಯಾರು ತಿರುಗಿ ನೋಡುತ್ತಿದ್ದರು? ಆ ಫೋರಮ್ ಶತಮಾನಗಳ ಕಾಲ ಮಣ್ಣಿನಡಿ ಹೂತು ಹೋಗಿತ್ತು, ಮೇಲೆ ದನ ಮೇಯುತ್ತಿದ್ದವು. ರೋಮಿನವರೇ ಅದನ್ನು ದನದ ಬಯಲು ಎಂದು ಕರೆಯುತ್ತಿದ್ದರು. ಅಗೆದವರು, ಓದಿದವರು, ಹೇಳಿದವರು ಸೇರಿ ಅದನ್ನು ಮತ್ತೆ ರೋಮ್ ಮಾಡಿದರು. ಪಾಂಪೆಯಲ್ಲಿ 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಬೂದಿಯೊಳಗಿನ ಪೊಳ್ಳುಗಳಿಗೆ ಜಿಪ್ಸಂ ಹುಯ್ಯಿಸಿ, ಸತ್ತವರ ಆಕಾರ ತೆಗೆದ. ಪೊಳ್ಳಿನಲ್ಲಿ ಮನುಷ್ಯನಿದ್ದಾನೆಂದು ಹೇಳಿಕೊಡಲು ಅವನಿಗೆ ಅದೇ ದಾರಿ ಕಂಡಿತ್ತು. ಹೇಳುವವರ ಬೆಲೆ ಇಟಲಿಗೆ ಎಷ್ಟು ಗೊತ್ತೆಂದರೆ, 2023ರ ಡಿಸೆಂಬರಿನಲ್ಲಿ ಅದು ಪ್ರವಾಸಿ ಮಾರ್ಗದರ್ಶಿಗಳ ವೃತ್ತಿಗೆಂದೇ ಕಾನೂನು ಮಾಡಿ ದೇಶಕ್ಕೆಲ್ಲ ಒಂದೇ ಅರ್ಹತಾ ಪರೀಕ್ಷೆ ಇಟ್ಟಿತು. ಅಲ್ಲಿ ಗೈಡಿನ ಮಾತು ಕೇಳಿ ಮೂರು ಕಂಬಕ್ಕೆ ತಲೆದೂಗಿ ಬಂದವರು ಕನಗನಹಳ್ಳಿಯಲ್ಲಿ ಏನಿದೆ ಎಂದು ಕೇಳುವುದು ನೋವಿನ ಸಂಗತಿ.

ಗೈಡುಗಳ ಮೇಲಿನ ದೊಡ್ಡ ದೂರು, ಅವರು ಬಾಯಿಗೆ ಬಂದದ್ದು ಹೇಳುತ್ತಾರೆ ಎಂಬುದು. ದೂರಿನಲ್ಲಿ ಸತ್ಯವಿದೆ. ಇಲ್ಲದ ಸುರಂಗ, ಇಲ್ಲದ ನಿಧಿ, ರಾಣಿಯರ ಕಟ್ಟುಕಥೆಗಳನ್ನು ಕೇಳದೆ ನಮ್ಮ ಕೋಟೆಗಳಿಂದ ಹೊರಬಂದವರು ವಿರಳ. ದೂರು ಹೊಸದೂ ಅಲ್ಲ. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಗ್ರೀಸನ್ನು ಸುತ್ತಿ ಬರೆದ ಪಾಸೇನಿಯಸ್, ಆರ್ಗೋಸಿನ ಗೈಡುಗಳು ತಾವು ಹೇಳುವುದೆಲ್ಲ ನಿಜವಲ್ಲವೆಂದು ಗೊತ್ತಿದ್ದೂ ಹೇಳುತ್ತಾರೆಂದು ಬೇಸರಿಸಿದ್ದಾನೆ. ಪ್ಲುಟಾರ್ಕನ ಒಂದು ಸಂವಾದದಲ್ಲಿ ಡೆಲ್ಫಿಯ ಗೈಡುಗಳು, ಸಾಕು ಮಾಡಿ ಎಂದರೂ ಕೇಳದೆ ಶಾಸನಗಳನ್ನು ಒಂದಾದ ಮೇಲೊಂದು ಒಪ್ಪಿಸುತ್ತಾರೆ. ಇವೆಲ್ಲ ಕನಗನಹಳ್ಳಿಯ ಸ್ತೂಪ ಇನ್ನೂ ಗಟ್ಟಿಯಾಗಿ ನಿಂತಿದ್ದ ಶತಮಾನಗಳ ಮಾತು. ಅಷ್ಟು ಹಳೆಯ ದೂರಿಗೆ ಜಗತ್ತು ಕಂಡುಕೊಂಡ ಪರಿಹಾರ ಗೈಡುಗಳನ್ನು ಕಿತ್ತುಹಾಕುವುದಲ್ಲ, ಕಲಿಸುವುದು. ತರಬೇತಿ, ಪರೀಕ್ಷೆ, ಗುರುತಿನ ಚೀಟಿ, ವರ್ಷಕ್ಕೊಮ್ಮೆ ಹೊಸ ಸಂಶೋಧನೆಯ ಪಾಠ. ಕೆ.ಪಿ. ಪೂಣಚ್ಚ ಅವರ ಕನಗನಹಳ್ಳಿ ಉತ್ಖನನ ವರದಿ ಪ್ರಕಟವಾಗಿದೆ. ಮೈಕೊ ನಾಕಾನಿಶಿ ಮತ್ತು ಓಸ್ಕರ್ ಫಾನ್ ಹಿನ್ಯೂಬರ್ ಕನಗನಹಳ್ಳಿಯ ಶಾಸನಗಳನ್ನು ಓದಿ 2014ರಲ್ಲಿ ಪುಸ್ತಕ ತಂದಿದ್ದಾರೆ. ಜಪಾನ್, ಜರ್ಮನಿಯ ವಿದ್ವಾಂಸರು ಅಕ್ಷರ ಬಿಡದೆ ಓದಿದ್ದು ಜೇವರ್ಗಿಯ ಕಾಲೇಜು ಹುಡುಗನಿಗೆ ಕನ್ನಡದಲ್ಲಿ ತಲುಪುವ ದಾರಿ ಮಾತ್ರ ಆಗಿಲ್ಲ. ಸತ್ಯವನ್ನು ಇಂಗ್ಲಿಷ್ ಪುಸ್ತಕದಲ್ಲಿ ಬೀಗ ಹಾಕಿಟ್ಟು, ಜನ ಕಟ್ಟುಕಥೆ ನಂಬುತ್ತಾರೆಂದು ಬೈಯುವುದು ಸರಿಯಲ್ಲ.

ಸ್ಮಾರಕಗಳ ಕಾವಲುಗಾರರು ಕೇಳಿದವರಿಗೆ ತಮಗೆ ಗೊತ್ತಿದ್ದಷ್ಟು ಹೇಳುತ್ತಾರೆ. ಅದು ಅವರ ದೊಡ್ಡ ಗುಣ. ಕಾವಲಿನ ಕೆಲಸಕ್ಕೆ ನೇಮಕವಾದವರ ಮೇಲೆ ಚರಿತ್ರೆಯ ಪಾಠವನ್ನೂ ಹೇರುವುದು ಅವರಿಗೂ ಅನ್ಯಾಯ, ಸ್ಮಾರಕಕ್ಕೂ ಅನ್ಯಾಯ.

ಹೇಳುವವರಿಲ್ಲದೆ ಜಾಗ ಬದುಕುವುದಿಲ್ಲವೆಂಬುದು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಾದ ಸಂಗತಿಯೇ ಅಲ್ಲ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಹೋಗಿ ನೋಡಬಹುದು. ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಕೂಡುವ ಸಂಗಮ ಯಾವುದು, ಔದುಂಬರದ ಮಹಿಮೆ ಏನು, ಸಣ್ಣ ಕಿಂಡಿಯಲ್ಲಿ ಇಣುಕಿ ನಿರ್ಗುಣ ಪಾದುಕೆಯ ದರ್ಶನ ಪಡೆಯುವುದು ಹೇಗೆ, ಮಧುಕರಿ ಯಾಕೆ ಬೇಡಬೇಕು, ಇದೆಲ್ಲವನ್ನೂ ಹೊಸಬರಿಗೆ ಹೇಳಿಕೊಡುವವರು ಅಲ್ಲಿದ್ದಾರೆ. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ಹೋದರೂ ಹಾಗೆಯೇ. ಕಡಕೋಳ ಮಡಿವಾಳಪ್ಪನ ತತ್ವಪದಗಳು ಇಷ್ಟು ಕಾಲ ಉಳಿದದ್ದು ಏಕತಾರಿ ಹಿಡಿದು ಹಾಡಿದವರ ಕೊರಳಲ್ಲಿ. ಶ್ರಾವಣ ಬಂದರೆ ಮಠಗಳಲ್ಲಿ ತಿಂಗಳಿಡೀ ಪುರಾಣ, ಜನ ರಾತ್ರಿ ಕುಳಿತು ಕೇಳುತ್ತಾರೆ. ಕೇಳುವ ಕಿವಿ ಇಷ್ಟು ಹದವಾಗಿರುವ ಜನರನ್ನು ಅಶೋಕನ ಕಲ್ಲಿನ ಮುಂದೆ ಮಾತಿಲ್ಲದೆ ನಿಲ್ಲಿಸಿ, ಇವರಿಗೆ ಆಸಕ್ತಿಯಿಲ್ಲ ಎಂದರೆ ಒಪ್ಪುವುದು ಹೇಗೆ? ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟಕ್ಕೆ ಹೋದ ಮಕ್ಕಳಿಗೆ ಬಹುಕಾಲ ನೆನಪಿರುವುದು, ಮೇಲಿನ ಗ್ಯಾಲರಿಯಲ್ಲಿ ಯಾರೋ ಕಾಗದ ಹರಿದ ಸದ್ದನ್ನು ಆಚೆ ಬದಿಯ ಗೋಡೆಗೆ ಕಿವಿಯಿಟ್ಟು ಕೇಳಿದ್ದು. ಆ ಕಾಗದ ಹರಿಯುವ ಮನುಷ್ಯನಿಲ್ಲದೆ ಹೋದರೆ ಅಷ್ಟು ಮೆಟ್ಟಿಲು ಹತ್ತಿದ್ದಕ್ಕೆ ಕಾಲುನೋವಷ್ಟೇ ಗಳಿಕೆ.

ಹೇಳಲು ಸರಕೂ ಕಡಿಮೆಯಿಲ್ಲ. ರೋಮ್ ಎಂದರೆ ಕಣ್ಣರಳಿಸುವ ಮಕ್ಕಳಿಗೆ, ರೋಮಿನ ದಾರಿ ತಮ್ಮ ಮಗ್ಗುಲಲ್ಲೇ ಹಾದಿತ್ತೆಂದು ಹೇಳಬಹುದು. ಆಳಂದದ ಆಚೆ ಗಡಿ ದಾಟಿದರೆ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆ. ಅಲ್ಲಿನ ತೇರ್ ಎಂಬ ಊರೇ, ಗ್ರೀಕ್ ನಾವಿಕನೊಬ್ಬ ಬರೆದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್'ನಲ್ಲಿ ಬರುವ ತಗರ. ಅಲ್ಲಿಂದ ಬಟ್ಟೆಯ ಸರಕು ಗಾಡಿಗಳಲ್ಲಿ ಭರೂಚದ ಬಂದರಿಗೆ ಹೋಗುತ್ತಿತ್ತು. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತ ಪಾಂಪೆಯ ಮನೆಯೊಂದರಲ್ಲಿ 1938ರಲ್ಲಿ ಭಾರತದ ದಂತದ ಹೆಣ್ಣುಗೊಂಬೆ ಸಿಕ್ಕಿತು. ಅದನ್ನು ಹೋಲುವ ದಂತದ ಗೊಂಬೆ ಸಿಕ್ಕಿರುವುದು ಇದೇ ತೇರಿನಲ್ಲಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರನೂ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳು ಬಂದವು. ಕನಗನಹಳ್ಳಿಯ ಅರಸರು ಅದೇ ಶಾತವಾಹನರು. ಪಾಠಪುಸ್ತಕದಲ್ಲಿ ಬೇರೆಬೇರೆ ಅಧ್ಯಾಯಗಳಾಗಿ ಕುಳಿತಿರುವ ರೋಮ್, ಅಶೋಕ, ಶಾತವಾಹನರನ್ನು ಒಂದೇ ಬೆಳಗಿನಲ್ಲಿ ಒಂದೇ ನೆಲದ ಮೇಲೆ ಜೋಡಿಸಿ ಹೇಳಲು ಸನ್ನತಿಯಂಥ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಕೊನೆಗೆ ಉಳಿಯುವ ಆಕ್ಷೇಪ ಹಣದ್ದು. ಜನವೇ ಬರದ ಕಡೆ ಗೈಡ್ ಇಟ್ಟರೆ ಅವನಿಗೆ ಗಿರಾಕಿ ಎಲ್ಲಿ, ಹೊಟ್ಟೆಪಾಡು ಹೇಗೆ ಎಂದು ಕೇಳುತ್ತಾರೆ. ಗಿರಾಕಿ ಕೊಡುವ ಕಾಸಿನ ಮೇಲೆ ಅವನನ್ನು ಬಿಟ್ಟರೆ ಖಂಡಿತ ಹೊಟ್ಟೆ ತುಂಬದು. ಅದಕ್ಕೇ ಸಂಬಳ ಬೇಕು. ಸ್ಮಾರಕ ಕೇಂದ್ರದ ಇಲಾಖೆಯದು, ಪ್ರವಾಸೋದ್ಯಮ ರಾಜ್ಯದ್ದು. ನಡುವೆ ಬಿದ್ದದ್ದು ಯಾರ ಹೊಣೆಯೂ ಅಲ್ಲ. ಕಟ್ಟಡವಾದರೆ ಒಮ್ಮೆ ಟೆಂಡರ್, ಒಮ್ಮೆ ಬಿಲ್ಲು, ಒಮ್ಮೆ ಉದ್ಘಾಟನೆ, ಗೋಡೆಯ ಮೇಲೆ ಹೆಸರಿನ ಕಲ್ಲು. ಮನುಷ್ಯನಿಗಾದರೆ ಪ್ರತಿ ತಿಂಗಳೂ ಕೊಡಬೇಕು, ಅವನ ಮಾತಿಗೆ ಶಂಕುಸ್ಥಾಪನೆ ಮಾಡಲಾಗದು. ಕಟ್ಟಡದ ಕಡೆ ಎಲ್ಲರ ಒಲವು ಇರುವುದಕ್ಕೆ ಇದೇ ಕಾರಣ. 2012ರ ತಿದ್ದುಪಡಿಯಿಂದ ಸಂವಿಧಾನದಲ್ಲಿ 371(ಜೆ) ವಿಧಿ ಬಂದು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಸಿಕ್ಕಿತು, ಅಭಿವೃದ್ಧಿ ಮಂಡಳಿಗೆ ಪ್ರತಿ ವರ್ಷ ಅನುದಾನ ಬರುತ್ತದೆ. ಅದರ ಬಹುಪಾಲು ಇಟ್ಟಿಗೆ-ಸಿಮೆಂಟಿಗೇ ಹೋಗಬೇಕೆಂಬ ಕಟ್ಟಳೆಯೇನೂ ಸಂವಿಧಾನದಲ್ಲಿಲ್ಲ.

ಜನ ಬರುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಜಾತ್ರೆಗಳಲ್ಲಿ ಜನ ಆಗಲೇ ಕನಗನಹಳ್ಳಿಗೆ ಎರಡು-ಮೂರು ಕಿಲೋಮೀಟರಿನ ತನಕ ಬಂದು ನಿಂತಿರುತ್ತಾರೆ. ಹೊಸದಾಗಿ ಎಲ್ಲಿಂದಲೋ ಕರೆತರಬೇಕಾಗಿಲ್ಲ. ಗುಡಿಯ ಬಾಗಿಲಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ನಾಲ್ಕು ಮಂದಿ ನಿಂತು, "ಅಕ್ಕಾ, ಅಣ್ಣಾ, ಇಲ್ಲೇ ಹತ್ತಿರ ಅದ, ಒಂದು ತಾಸು ನೋಡಿ ಬರೋಣು ಬರ್ರಿ" ಎಂದರೆ ಸಾಕು. ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಬೆಳಗಿನ ಹತ್ತರೊಳಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಚಳಿಗಾಲದಲ್ಲಿ ಶಾಲೆಗಳ ಪ್ರವಾಸ ಮೈಸೂರಿಗೆ ಹೊರಡುವ ಮೊದಲು ಜೇವರ್ಗಿ, ಯಡ್ರಾಮಿ, ಚಿತ್ತಾಪುರ, ಶಹಾಪುರದ ಮಕ್ಕಳು ಇಲ್ಲಿಗೆ ಬಂದು ಹೋಗಲಿ.

ಕಲಿಸುವವರೂ ದೂರವಿಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. 1950ರ ದಶಕದಲ್ಲಿ ಸನ್ನತಿಯ ಮಹತ್ವವನ್ನು ವಿದ್ವಾಂಸರ ಗಮನಕ್ಕೆ ತಂದವರು ಈ ಭಾಗದವರೇ ಆದ ಕಪಟರಾಳ ಕೃಷ್ಣರಾಯರು. ಸರ್ಕಾರದ ಕಟ್ಟಡಕ್ಕೆ ಕಾದವರಲ್ಲ. ಸನ್ನತಿ, ಕನಗನಹಳ್ಳಿ ಮತ್ತು ಹೊಳೆಯಾಚೆಯ ಊರುಗಳ ಪದವೀಧರ ಹುಡುಗ ಹುಡುಗಿಯರನ್ನು ಆರಿಸಿ, ಬ್ರಾಹ್ಮಿ ಓದಲು, ಚಪ್ಪಡಿಗಳ ಕಥೆ ಬಿಡಿಸಲು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಕಲಿಸಬೇಕು. ಪಾಠವನ್ನು ವಿಶ್ವವಿದ್ಯಾಲಯಗಳು ಮಾಡಲಿ, ಪರೀಕ್ಷೆಯನ್ನು ಪುರಾತತ್ವ ಇಲಾಖೆ ನಡೆಸಲಿ, ಸಂಬಳವನ್ನು ಮಂಡಳಿ ಕೊಡಲಿ. ಮುಂದಿನ ಆಯವ್ಯಯದಲ್ಲಿ ಸನ್ನತಿಯ ಹೆಸರಿನಲ್ಲಿ ಮತ್ತೊಂದು ಕಟ್ಟಡದ ಪ್ರಸ್ತಾವ ಬಂದರೆ, ಅದರೊಳಗೆ ನಿಂತು ಮಾತಾಡುವವರ ಸಂಬಳ ಎಷ್ಟೆಂದು ಜೇವರ್ಗಿ, ಅಫಜಲಪುರ, ಆಳಂದದ ಶಾಸಕರು ಸದನದಲ್ಲಿ ಎದ್ದು ಕೇಳಬೇಕು.